ನೀನು ಯಾರೆಂದು ಕೇಳುವ ಪೆಟ್ಟಿಗೆ

ಜಯಶೀಲಾ ಅವರನ್ನು ನನಗೆ ಕೊಡುತ್ತೀರಾ ಎಂದು ಅವರ ಮನೆಯಲ್ಲಿ ಯಾರಾದರೂ ಕೇಳಿದರೋ ಇಲ್ಲವೋ, ನನಗೆ ಖಚಿತವಿಲ್ಲ. ಕೇಳಿದ್ದೇನೆ ಅಂತ ಕೆಂಪರಾಜು ಹೇಳುತ್ತಾನೆ. ಅವನು ಸುಳ್ಳು ಹೇಳುವವನಲ್ಲ. ಆದರೆ ಅವನು ಹೇಳಿದ್ದನ್ನು ನಾನು ಸರಿಯಾಗಿ ನೆನಪಿಟ್ಟುಕೊಂಡಿದ್ದೇನೆಯೇ ಎಂಬುದೇ ಅನುಮಾನ. ಬಾಗಿಲಿಗೆ ಬೀಗ ಹಾಕಿ, ಬೀದಿಯ ಕೊನೆಯವರೆಗೆ ಹೋಗಿ, ವಾಪಸು ಬಂದು ಬೀಗ ಎಳೆದು ನೋಡುವ ಜಾತಿಯವನು ನಾನು. ಮೈಸೂರಿನಲ್ಲಿ ಓದಿದ ಅಷ್ಟೂ ವರ್ಷ ಯಾವುದನ್ನೂ ಪುರಾವೆ ಇಲ್ಲದೆ ನಂಬಬಾರದು ಎಂದು ಕಲಿತೆ. ಪುರಾವೆ ಸಿಗದ ವಿಷಯಗಳನ್ನು ಇಟ್ಟುಕೊಂಡು ಹೇಗೆ ಬದುಕಬೇಕು ಎಂಬುದನ್ನು ಮಾತ್ರ ಯಾವ ಮೇಷ್ಟರೂ ಹೇಳಿಕೊಡಲಿಲ್ಲ.

ಇದೆಲ್ಲ ಈಗ ಎದ್ದು ಬಂದದ್ದು ಒಂದು ಕಿತ್ತಳೆ ಬಣ್ಣದ ದೀಪದಿಂದ. ಮೊನ್ನೆ ಪರೀಕ್ಷೆಯ ಕೆಲಸಕ್ಕೆಂದು ಒಂದು ಕಾಲೇಜಿಗೆ ಹೋಗಿದ್ದೆ. ನನ್ನ ಲ್ಯಾಪ್‌ಟಾಪಿನ ಕೇಬಲ್ಲನ್ನು ಗೋಡೆಗೆ ಸಿಕ್ಕಿಸಿದೆ. ಮೂಲೆಯಲ್ಲಿ ನೆಟ್‌ವರ್ಕ್ ಸ್ವಿಚ್ಚು, ಅಂದರೆ ಕಂಪ್ಯೂಟರುಗಳ ತಂತಿಗಳೆಲ್ಲ ಬಂದು ಸೇರುವ ಪೆಟ್ಟಿಗೆ, ಕೂರಿಸಿದ್ದರು; ಅದರಲ್ಲಿ ಒಂದು ಪುಟ್ಟ ದೀಪ ಕಿತ್ತಳೆಯಾಗಿ ಹೊತ್ತಿಕೊಂಡಿತು. ಹಾಗೇ ನಿಂತಿತು, ಹಸಿರಾಗಲಿಲ್ಲ. ಲ್ಯಾಬಿನ ಮೇಡಂ ಬಂದು, “ಅದು ಹೆಸರು ಕೇಳುತ್ತೆ ಸರ್, ನಿಮ್ಮ ಹೆಸರು ಇಲ್ಲಿ ಇಲ್ವಲ್ಲ” ಎಂದರು. ಗೊತ್ತಮ್ಮ, ಎಂದೆ. ಆಮೇಲೆ ಆ ದೀಪವನ್ನು ಎಷ್ಟು ಹೊತ್ತು ನೋಡುತ್ತ ನಿಂತೆನೋ, ಆಕೆ ಕುರ್ಚಿ ತಂದು ಹಾಕಿದರು.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದ ಕಾಲ. ಹುಣಸೂರಿನ ಹೊರಗೆ ಹೊಲದ ಮಧ್ಯೆ ಎದ್ದಿದ್ದ ಒಂದು ಕಾಲೇಜಿನಲ್ಲಿ ನಾನು ಕಂಪ್ಯೂಟರ್ ಮೇಷ್ಟರಾಗಿದ್ದೆ. ಹುಣಸೂರು ಎಂದರೆ ದಾರಿಗಳು ಕೂಡುವ ಜಾಗ. ಪಿರಿಯಾಪಟ್ಟಣದ ಬಸ್ಸು, ಕೆ.ಆರ್. ನಗರದ ಬಸ್ಸು, ಎಚ್.ಡಿ. ಕೋಟೆಯ ಬಸ್ಸು ಎಲ್ಲ ಅಲ್ಲಿಗೇ ಬರಬೇಕು. ಹಾಗಾಗಿ ನಮ್ಮ ಸ್ಟಾಫ್ ರೂಮಿನಲ್ಲಿ ಜನ ಕೂರುತ್ತಿದ್ದದ್ದು ವಿಷಯದ ಪ್ರಕಾರವಲ್ಲ, ಬಸ್ಸಿನ ಪ್ರಕಾರ. ಹುಣಸೂರಿನಲ್ಲೇ ಕೋಣೆ ಮಾಡಿಕೊಂಡಿದ್ದರೂ ಊರಿನ ಲೆಕ್ಕದಲ್ಲಿ ನಾನು ಕೋಟೆ ಬಸ್ಸಿನವನು. ಭೌತಶಾಸ್ತ್ರದ ಕೆಂಪರಾಜು ಪಿರಿಯಾಪಟ್ಟಣದ ಬಸ್ಸಿನವನು, ಹಾರನಹಳ್ಳಿ ಹತ್ತಿರದ ಹೊಗೆಸೊಪ್ಪು ಬೆಳೆಯುವ ಮನೆ. ಗಣಿತದ ಜಯಶೀಲಾ ಕೆ.ಆರ್. ನಗರದ ಬಸ್ಸು, ಹೊಸ ಅಗ್ರಹಾರದವರು. ಆ ಬಸ್ಸು ಯಾವಾಗಲೂ ತಡ. ಅದು ಬರುವವರೆಗೆ ನಾನು ಸ್ಟಾಫ್ ರೂಮಿನ ಕಿಟಕಿಯ ಬಳಿ ನಿಂತು, ಎದುರಿನ ಹೊಲದ ಜೋಳ ಯಾವ ಹಂತದಲ್ಲಿದೆ ಎಂದು ಗಮನವಿಟ್ಟು ನೋಡುತ್ತಿದ್ದೆ. ಕೃಷಿಯಲ್ಲಿ ನನಗೆ ಅಷ್ಟು ಆಸಕ್ತಿ ಹಿಂದೆಯೂ ಇರಲಿಲ್ಲ, ಮುಂದೆಯೂ ಬರಲಿಲ್ಲ.

ಒಂದು ದಿನ ಯಾವನೋ ಪುಸ್ತಕ ಮಾರುವವನು ಬಂದು, ಪ್ರಿನ್ಸಿಪಾಲರ ಕೋಣೆಯ ಗೋಡೆಗೆ ತನ್ನ ಲ್ಯಾಪ್‌ಟಾಪು ಸಿಕ್ಕಿಸಿಕೊಂಡು ಆರಾಮವಾಗಿ ಏನನ್ನೋ ನೋಡುತ್ತ ಕೂತಿದ್ದ. ಪ್ರಿನ್ಸಿಪಾಲರು ನನ್ನನ್ನು ಕರೆದು, “ಇದೇನ್ರೀ ಸೋಮಶೇಖರ್, ಧರ್ಮಛತ್ರ ಆಯ್ತಲ್ಲ. ಕಂಡಕಂಡವರು ಬಂದು ತಂತಿ ಚುಚ್ಕೊಳ್ಳೋ ಹಾಗಿರಬಾರದು. ಬೀಗ ಹಾಕಿ” ಎಂದರು. ನಾನು ಕಾಯುತ್ತಿದ್ದದ್ದೇ ಆ ಮಾತಿಗೆ. ನಮ್ಮ ಸ್ವಿಚ್ಚಿನಲ್ಲಿ ಆ ವಿದ್ಯೆ ಇತ್ತು, ಯಾರೂ ಬಳಸಿರಲಿಲ್ಲ.

ವಿದ್ಯೆ ಇಷ್ಟೆ. ಸ್ವಿಚ್ಚಿನ ಒಂದೊಂದು ತೂತೂ ಒಂದೊಂದು ಬಾಗಿಲು. ಅದಕ್ಕೆ ಪೋರ್ಟು ಎನ್ನುತ್ತಾರೆ. ಕೇಬಲ್ ಸಿಕ್ಕಿಸಿದರೆ ದೀಪ ಹೊತ್ತುತ್ತದೆ, ಆದರೆ ಬಾಗಿಲು ತೆರೆಯುವುದಿಲ್ಲ. ಒಂದೇ ಒಂದು ಬಗೆಯ ಮಾತು ಮಾತ್ರ ಅದರ ಸಂದಿಯಲ್ಲಿ ಹೋಗಿಬರುತ್ತದೆ: ನೀನು ಯಾರು? ಕಂಪ್ಯೂಟರ್ ಹೆಸರನ್ನೂ ಗುಟ್ಟಿನ ಪದವನ್ನೂ ಹೇಳಬೇಕು. ತಮಾಷೆಯೆಂದರೆ ಸ್ವಿಚ್ಚಿಗೆ ಯಾರ ಪರಿಚಯವೂ ಇರುವುದಿಲ್ಲ. ಅದು ಕೇಳಿದ್ದನ್ನು ಹಾಗೇ ಒಯ್ದು, ಬೇರೆ ಕೋಣೆಯಲ್ಲಿರುವ ಇನ್ನೊಂದು ಯಂತ್ರಕ್ಕೆ ಒಪ್ಪಿಸುತ್ತದೆ. ಒಳಗಿನ ಯಂತ್ರ ಹೂಂ ಎಂದರೆ ಬಾಗಿಲು ತೆರೆಯುತ್ತದೆ, ಊಹೂಂ ಎಂದರೆ ಇಲ್ಲ. ಕೇಬಲ್ ಕಿತ್ತರೆ, ಆ ಕಡೆಯ ಕಂಪ್ಯೂಟರಿಗೆ ಕರೆಂಟು ಹೋದರೆ ಎಲ್ಲ ಮರೆತುಹೋಗುತ್ತದೆ. ಆಗಷ್ಟೇ ಒಳಗಿದ್ದವನೇ ಮತ್ತೆ ಬಂದರೂ ಮತ್ತೆ ಮೊದಲಿನಿಂದ: ನೀನು ಯಾರು?

ಇದನ್ನು ಪುಸ್ತಕದಲ್ಲಿ ಓದುವಾಗ ನನಗೆ ನಮ್ಮೂರ ತಾಯಮ್ಮ ಕಣ್ಣ ಮುಂದೆ ಬಂದಿದ್ದಳು. ನಾನು ಚಿಕ್ಕವನಾಗಿದ್ದಾಗ, ಕೋಟೆ ಕಡೆಯ ನಮ್ಮ ಹಳ್ಳಿಯಲ್ಲಿ ಟಿ.ವಿ. ಇದ್ದದ್ದು ಒಂದೇ ಮನೆಯಲ್ಲಿ. ಭಾನುವಾರ ಸಿನಿಮಾ ಶುರುವಾಗುವ ಹೊತ್ತಿಗೆ ಊರಿನ ಮಕ್ಕಳೆಲ್ಲ ಅಲ್ಲಿ. ಬಾಗಿಲಲ್ಲಿ ಆ ಮನೆಯ ಮುದುಕಿ ತಾಯಮ್ಮ ಕಾಲು ಚಾಚಿಕೊಂಡು ಕೂರುತ್ತಿದ್ದಳು. ಕಣ್ಣು ಮಂಜು. ತಲೆ ಸವರಿ, “ಯಾರ್ಲಾ ನೀನು?” ಎನ್ನುತ್ತಿದ್ದಳು. ಹೆಸರು ಹೇಳಿದರೆ ಒಳಗಡೆ ಸೊಸೆಗೆ ಕೂಗುವಳು, “ಲೇ, ಮೇಷ್ಟ್ರ ಮಗ ಸೋಮ ಅಂತೆ, ಬುಡ್ಲಾ?” ಸೊಸೆ ಒಲೆಯ ಮುಂದಿನಿಂದಲೇ “ಬುಡತ್ತೆ” ಎಂದರೆ ಕಾಲು ಮಡಚುವಳು. ಹಿಂದಿನ ವಾರ ಕಿತ್ತಾಡಿದವನಾದರೆ, ಅಂಗಳದಲ್ಲಿ ಗಲೀಜು ಮಾಡಿದವನಾದರೆ ಸೊಸೆ ಸುಮ್ಮನಿರುವಳು. ಮುದುಕಿಯ ಕಾಲೂ ಹಾಗೇ ಇರುತ್ತಿತ್ತು. ಮಧ್ಯದಲ್ಲಿ ಒಂದಕ್ಕೆ ಎದ್ದು ಹೊರಗೆ ಹೋದೆವೋ, ವಾಪಸು ಬಂದಾಗ ಮತ್ತೆ ತಲೆ ಸವರಿಸಿಕೊಳ್ಳಬೇಕು. ಅದೆಷ್ಟು ಸಿನಿಮಾಗಳ ನಡುಭಾಗ ನನಗೆ ಇವತ್ತಿಗೂ ಗೊತ್ತಿಲ್ಲ. ಮುದುಕಿಯ ಕೈಯ ಕಡ್ಡಿಪುಡಿ ವಾಸನೆ ಮಾತ್ರ ಸರಿಯಾಗಿ ನೆನಪಿದೆ. ನೆನಪಿದೆ ಎಂದುಕೊಂಡಿದ್ದೇನೆ.

ಅಂತೂ ನಾನು ಕಾಲೇಜಿನ ಪೋರ್ಟುಗಳಿಗೆಲ್ಲ ತಾಯಮ್ಮನನ್ನು ಕೂರಿಸಿದೆ. ಎಲ್ಲರಿಗೂ ಹೆಸರು, ಗುಟ್ಟಿನ ಪದ ಕೊಟ್ಟೆ. ಸ್ಟಾಫ್ ರೂಮು ಸಿಟ್ಟಿಗೆದ್ದಿತು. ಕಂಪ್ಯೂಟರಿನ ಬಲಮೂಲೆಯಲ್ಲಿ ಒಂದು ಸಣ್ಣ ಹಳದಿ ಗುಳ್ಳೆ ಮೂಡಿ ಹೆಸರು ಕೇಳುತ್ತಿತ್ತು. ತಕ್ಷಣ ಅದನ್ನು ಒತ್ತದಿದ್ದರೆ ಒಡೆದುಹೋಗುತ್ತಿತ್ತು. ಆಮೇಲೆ ಎಷ್ಟು ಹೊತ್ತಾದರೂ ಸುಮ್ಮನೆ ಕೂರಬೇಕು, ಇಲ್ಲವೆ ಲ್ಯಾಬಿಗೆ ಬಂದು ನನ್ನನ್ನು ಕರೆಯಬೇಕು.

ಜಯಶೀಲಾ ಆ ಗುಳ್ಳೆಯನ್ನು ಯಾವತ್ತೂ ನೋಡುತ್ತಿರಲಿಲ್ಲ. ಲ್ಯಾಬಿನ ಬಾಗಿಲಲ್ಲಿ ನಿಂತು, ಸೆರಗಿನ ತುದಿಯಿಂದ ಚಾಕ್‌ಪೀಸಿನ ಪುಡಿ ಒರೆಸಿಕೊಳ್ಳುತ್ತ, “ಸರ್, ನಿಮ್ಮ ಮಿಷನ್ನು ಮತ್ತೆ ನಾನ್ಯಾರು ಅಂತಿದೆ” ಎನ್ನುತ್ತಿದ್ದರು.

“ಕರೆಂಟು ಹೋಗಿ ಬಂತಲ್ಲ ಮೇಡಂ, ಅದಕ್ಕೆ ಮರೆತುಹೋಗಿರುತ್ತೆ.”

“ಬೆಳಿಗ್ಗೆ ತಾನೆ ಹೇಳಿದ್ದೀನಲ್ಲ ಸರ್. ನಮ್ಮನೆ ಹಸೂಗೆ ಇರೋಷ್ಟು ಜ್ಞಾಪಕಶಕ್ತಿನೂ ಇಲ್ವಾ ಇದಕ್ಕೆ?”

“ಹಸು ಮುಖ ನೋಡುತ್ತೆ. ಇದಕ್ಕೆ ಮುಖ ಕಾಣಲ್ಲ.”

“ಪಾಪ” ಎನ್ನುತ್ತಿದ್ದರು. ಸ್ವಿಚ್ಚಿಗೋ, ನನಗೋ.

ಹುಣಸೂರಿನಲ್ಲಿ ಆ ಕಾಲಕ್ಕೆ ಕರೆಂಟು ಹೋಗಿಬರುವುದಕ್ಕೆ ಹೊತ್ತುಗೊತ್ತು ಇರಲಿಲ್ಲ. ಇಡೀ ತಾಲ್ಲೂಕಿನಲ್ಲಿ ಅದು ಹೋದಾಗಲೆಲ್ಲ ಸಂತೋಷಪಡುತ್ತಿದ್ದವನು ನಾನೊಬ್ಬನೇ. ಫ್ಯಾನು ನಿಂತ ಕೂಡಲೆ ತಲೆ ಬಾಚಿಕೊಳ್ಳುತ್ತಿದ್ದೆ. ಅವರ ಜೊತೆ ಸ್ಟಾಫ್ ರೂಮಿಗೆ ನಡೆದುಹೋಗುವ ಆ ವರಾಂಡ, ಅವರ ಮೇಜಿನ ಕೆಳಗೆ ಬಗ್ಗಿ ಕೇಬಲ್ ಕಿತ್ತು ಮತ್ತೆ ಸಿಕ್ಕಿಸುವುದು, ಗುಳ್ಳೆ ಮೂಡಿದಾಗ ಅವರು “ಬಂತು ಬಂತು” ಎನ್ನುವುದು. ಅವರು ಹೆಸರು ಬರೆಯುವಾಗ ನಾನು ಮುಖ ತಿರುಗಿಸಿಕೊಂಡು ಗೋಡೆ ನೋಡುತ್ತಿದ್ದೆ. ಅದು ನಿಯಮ. ಆ ಗೋಡೆಯ ಸುಣ್ಣ ಎಲ್ಲೆಲ್ಲಿ ಎದ್ದಿತ್ತು ಎಂದು ಈಗಲೂ ಚಿತ್ರ ಬರೆದು ತೋರಿಸಬಲ್ಲೆ.

ಇದಕ್ಕೆ ಕಲ್ಲು ಹಾಕಿದವನು ಕೆಂಪರಾಜು. ಒಂದು ದಿನ ಕರೆಂಟು ಹೋಯಿತು, ಬಂತು, ಯಾರೂ ಬರಲಿಲ್ಲ. ಮಾರನೆಯ ದಿನವೂ ಹಾಗೇ. ಹೋಗಿ ನೋಡಿದರೆ ಸ್ಟಾಫ್ ರೂಮಿನಲ್ಲಿ ಎಲ್ಲರೂ ನಿಶ್ಚಿಂತೆಯಿಂದ ಕೆಲಸ ಮಾಡುತ್ತಿದ್ದಾರೆ. ಬೀರುವಿನ ಮೇಲೆ ಒಂದು ಹಬ್ಬು, ಅಂದರೆ ಒಂದು ತಂತಿಯನ್ನು ಹಲವರಿಗೆ ಹಂಚುವ ಸಣ್ಣ ಡಬ್ಬಿ. ಅದರಿಂದ ಎಲ್ಲರ ಮೇಜಿಗೂ ಕೇಬಲ್ಲುಗಳು. ಕೆಂಪರಾಜು ತನ್ನ ಒಂದು ಕಂಪ್ಯೂಟರಿಗೂ ಆ ಡಬ್ಬಿಗೂ ಬ್ಯಾಟರಿಯ ಆಸರೆ ಕೊಟ್ಟು, ತಾನೊಬ್ಬನೇ ಹೆಸರು ಹೇಳಿ, ಮಿಕ್ಕವರನ್ನೆಲ್ಲ ತನ್ನ ಬೆನ್ನ ಹಿಂದೆ ಒಳಗೆ ಬಿಟ್ಟುಕೊಂಡಿದ್ದ.

“ಲೋ, ಇದು ಕಾನೂನಿಗೆ ವಿರುದ್ಧ ಕಣೋ” ಎಂದೆ.

“ಸುಮ್ಕಿರ್ಲಾ ಸೋಮ. ನಮ್ಮೂರಾಗೆ ಒಗೆಸೊಪ್ಪಿನ ಲೈಸೆನ್ಸ್ ಯಾರ್ ಯಾರ್ಗೈತೆ ಯೋಳು? ಇಲ್ದೋನ ಸೊಪ್ಪೂ ಇದ್ದೋನ ಹೆಸರಾಗೇ ಹರಾಜಿಗೋಯ್ತದೆ. ನಮ್ಮಪ್ಪನ ಬೆನ್ನಿಗೆ ಅರ್ಧ ಬೀದಿ ನೇತಾಕ್ಕೊಂಡೈತೆ. ಬಾಗ್ಲು ತೆಗೆಸ್ದೋನು ಹಿಂದ್ಗಡೆಯೋರ್ಗೆ ಹಿಡ್ಕಂಡು ನಿಂತ್ಕಬೇಕಪ್ಪ, ಮುಖದ್ ಮೇಲೆ ಹಾಕ್ಬುಟ್ರೆ ಮನುಷ್ಯತ್ವವಾ ಅದು?”

ನಾನು ನನ್ನ ನಿಯಮ ಬಿಗಿ ಮಾಡಿದೆ: ಒಂದು ಪೋರ್ಟಿನಲ್ಲಿ ಎರಡನೆಯ ಯಂತ್ರ ಕಂಡರೆ ಪೋರ್ಟೇ ಬಂದ್. ಇಡೀ ಸ್ಟಾಫ್ ರೂಮು ಕತ್ತಲಾಯಿತು. ಎಲ್ಲರೂ ಪ್ರಿನ್ಸಿಪಾಲರ ಬಳಿ ಹೋದರು. ಪ್ರಿನ್ಸಿಪಾಲರು ನನ್ನನ್ನು ಕರೆದು, “ಒಬ್ಬರು ಯೋಗ್ಯರು ಅಂತ ಗೊತ್ತಾದ್ಮೇಲೆ ಜೊತೆಯವರನ್ನೂ ಬಿಡೋ ಹಾಗೆ ಏನಾದ್ರೂ ಇದ್ಯೇನ್ರೀ?” ಎಂದರು. ಇತ್ತು. ಅದಕ್ಕೂ ಒಂದು ಸಾಲು ಬರೆದರೆ ಸಾಕಿತ್ತು. ಬರೆದೆ. ಅಲ್ಲಿಂದ ಮುಂದೆ ಕರೆಂಟು ಹೋದರೆ ನನಗೂ ಊರಿನವರ ಹಾಗೇ ಬೇಜಾರಾಗತೊಡಗಿತು.

ಜಯಶೀಲಾ ಬರದೆ ಹೋದ ಮೇಲೆ ನನಗೆ ಗೊತ್ತಾಯಿತು, ನಾನು ಕಾಯುತ್ತಿದ್ದದ್ದು ಏನನ್ನು ಎಂದು. ಅವರೊಡನೆ ನೇರ ಮಾತಾಡಬಹುದಿತ್ತಲ್ಲ ಎಂದು ನೀವು ಕೇಳಬಹುದು. ದೇವರಿದ್ದಾನೆ ಎನ್ನುವವರ ಜೊತೆ ಗಂಟೆಗಟ್ಟಲೆ ವಾದ ಮಾಡುತ್ತಿದ್ದವನು ನಾನು. ಆದರೆ ಆ ಒಂದು ಮಾತಿಗೆ ನಾಲಿಗೆ ಏಳಲಿಲ್ಲ. ಮನೆಯವರಿಗೆ ಹೇಳಿದರೆ ಒಂದು ಜೀಪು ತುಂಬ ನೆಂಟರು ಹೊರಡುತ್ತಾರೆ, ಜಯಶೀಲಾ ಅವರಿಗೆ ಇಷ್ಟವಿಲ್ಲದಿದ್ದರೆ ಮಾನ ಹೋಗುತ್ತದೆ. ಕೊನೆಗೆ ಕೆಂಪರಾಜುವಿಗೆ ಹೇಳಿದೆ.

“ಅಯ್ಯೋ ಮಂಕೇ, ಇಡೀ ಕಾಲೇಜ್ಗೇ ಗೊತ್ತಿರೋದ ನನ್ ಕಿವೀಲಿ ಯೋಳ್ತೀಯಲ್ಲೋ” ಎಂದ. ಜಾತಿ, ಕುಲ ಎಲ್ಲ ಅವನಾಗಲೇ ವಿಚಾರಿಸಿ ಇಟ್ಟಿದ್ದ. “ತಂದೆ ಇಲ್ಲ, ಅಣ್ಣ ನಾಗಣ್ಣ ಅಂತ, ಮನೆ ನಡೆಸೋನು ಅವ್ನೇಯ. ಬರೋ ಭಾನ್ವಾರ ಓಗಿ ಸುದ್ದಿ ಎತ್ತಿ ಬತ್ತೀನಿ ಬುಡು. ಅವ್ರು ಹೂಂ ಅಂದ್ರೆ ಆಮ್ಯಾಕೆ ನಿಮ್ ಜೀಪು.”

ಅದು ಅವರೆಕಾಯಿಯ ಕಾಲ, ಚಳಿ ಇತ್ತು. ಭಾನುವಾರ ಬೆಳಿಗ್ಗೆ ಕೆಂಪರಾಜು ಇಸ್ತ್ರಿ ಮಾಡಿದ ಅಂಗಿ ಹಾಕಿ ಮೋಟಾರ್ ಬೈಕಿನಲ್ಲಿ ಹೋದ. ನಾನು ಹುಣಸೂರಿನ ನನ್ನ ಬಾಡಿಗೆ ಕೋಣೆಯಲ್ಲಿ ಬಟ್ಟೆ ಒಗೆದೆ. ಒಗೆದದ್ದನ್ನೇ ಮತ್ತೆ ಒಗೆದೆ ಎಂದು ನೆನಪು, ಉತ್ಪ್ರೇಕ್ಷೆ ಇರಬಹುದು. ಸಂಜೆ ಬಂದ.

“ಏನಂದ್ರೋ?”

“ಚೆನ್ನಾಗ್ ಮಾತಾಡ್ಸುದ್ರು. ಗದ್ದೆ ತೋರ್ಸುದ್ರು. ನಾಲೆ ನೀರಿನ ಮಾತಾಯ್ತು.”

“ವಿಷಯ ಎತ್ತಿದ್ಯಾ?”

“ಎತ್ದೆ ಬತ್ತೀನಾ? ನಮ್ ಕಾಲೇಜಲ್ಲಿ ಸೋಮ ಅಂತವ್ನೆ, ಕೋಟೆ ಕಡೆಯೋನು, ಮೇಷ್ಟ್ರ ಮಗ, ಅವನಿಗೂ ಒಂದ್ ದಾರಿ ಆಗ್ಬೇಕು ಅಂದೆ. ಸಾಕಲ್ಲ? ಬುದ್ಧಿ ಇರೋರ್ಗೆ ಅಷ್ಟು ಸಾಕು.”

“ಅದಕ್ಕೆ ಅವರು?”

“ಆಗ್ಬೇಕು ಆಗ್ಬೇಕು ಅಂದ್ರು. ಯೋಳ್ಕಳುಸ್ತಾರೆ ಬುಡು.”

ಯಾರೂ ಹೇಳಿ ಕಳಿಸಲಿಲ್ಲ. ವಾರಗಳು ಕಳೆದವು. ಜಯಶೀಲಾ ಎಂದಿನಂತೆ ಬರುತ್ತಿದ್ದರು, ನಮಸ್ಕಾರ ಸರ್ ಎನ್ನುತ್ತಿದ್ದರು. ಮುಖದಲ್ಲಿ ಏನೂ ಇರಲಿಲ್ಲ, ಅಥವಾ ನನಗೆ ಓದಲು ಬರಲಿಲ್ಲ. ಸ್ವಿಚ್ಚಿನ ಶಾಸ್ತ್ರದಲ್ಲಿ ಇದಕ್ಕೊಂದು ವಿಧಿ ಇದೆ. ಒಳಗಿನ ಯಂತ್ರದಿಂದ ಉತ್ತರವೇ ಬಾರದಿದ್ದರೆ ಬಾಗಿಲು ತೆರೆಯಕೂಡದು. ಊಹೂಂ ಎಂದರೂ ಒಂದೇ, ಸುಮ್ಮನಿದ್ದರೂ ಒಂದೇ. ಹೊರಗೆ ನಿಂತವನಿಗೆ ಎರಡರ ವ್ಯತ್ಯಾಸ ತಿಳಿಯುವುದಿಲ್ಲ. ಆ ವಿಧಿ ಬರೆದವರಿಗೆ ಯಂತ್ರದ ಕಷ್ಟ ಗೊತ್ತಿತ್ತು. ಹೊರಗೆ ನಿಂತವನದು ಅವರ ವಿಷಯವಲ್ಲ. ನಾನೂ ವಿಧಿಯನ್ನು ಪಾಲಿಸಿದೆ. ಮೌನವನ್ನು ಇಲ್ಲ ಎಂದೇ ಓದಿಕೊಂಡೆ.

ಬೇಸಿಗೆಯಲ್ಲಿ ಅವರಿಗೆ ಸರ್ಕಾರಿ ಕೆಲಸ ಸಿಕ್ಕಿತು, ದೂರದ ಜಿಲ್ಲೆ. ಸ್ಟಾಫ್ ರೂಮಿನಲ್ಲಿ ಖಾರಾಬೂಂದಿ, ಮೈಸೂರ್‌ಪಾಕು, ಭಾಷಣ. ಪುಸ್ತಕದ ಟ್ರಂಕು ಒಯ್ಯಲು ಅಣ್ಣ ನಾಗಣ್ಣ ಬಂದಿದ್ದರು, ಎತ್ತರದ ಆಳು, ಹೆಗಲ ಮೇಲೆ ಟವೆಲು. ಟ್ರಂಕಿನ ಒಂದು ಕಡೆ ಅವರು ಹಿಡಿದರು, ಒಂದು ಕಡೆ ನಾನು. ಗೇಟಿನವರೆಗೆ ಹೋದೆವು. ಜಯಶೀಲಾ ಪಕ್ಕದಲ್ಲಿ ನಡೆಯುತ್ತ, “ನಿಮ್ಮ ಮಿಷನ್ನು ಈಚೆಗೆ ನನ್ನ ಏನೂ ಕೇಳೋದೇ ಇಲ್ಲ ಸರ್” ಎಂದರು. ನಕ್ಕರು. ಆಮೇಲೆ ಮೆಲ್ಲಗೆ, “ಯಾರೂ ಏನೂ ಕೇಳಲ್ಲ” ಎಂದರು.

ಈ ಎರಡನೆಯ ವಾಕ್ಯವನ್ನು ಅವರು ಆಡಿದರೋ, ಆಮೇಲಿನ ವರ್ಷಗಳಲ್ಲಿ ನಾನೇ ಸೇರಿಸಿಕೊಂಡೆನೋ, ಎಷ್ಟೋ ಸಲ ತಿರುಗಿಸಿ ನೋಡಿದ್ದೇನೆ. ಬೀಗ ಎಳೆದು ನೋಡಿದ ಹಾಗೆ. ಕೆಲವು ದಿನ ಬಿಗಿಯಾಗಿರುತ್ತದೆ, ಕೆಲವು ದಿನ ಕೈಗೇ ಬರುತ್ತದೆ.

ಅವರಿಗೆ ಮದುವೆಯಾಯಿತು, ನನಗೂ ಆಯಿತು. ನನ್ನ ಹೆಂಡತಿಯೂ ಕೆ.ಆರ್. ನಗರದ ಕಡೆಯವಳೇ. ಒಂದು ಸಂಜೆ ಅವರೆಕಾಳು ಹಿತಕುತ್ತ ಕೂತಿದ್ದಾಗ, ನಗುತ್ತ ನಗುತ್ತ ಈ ಕಥೆಯನ್ನೆಲ್ಲ ಅವಳಿಗೆ ಹೇಳಿದೆ. ಅವಳು ಕೈ ನಿಲ್ಲಿಸದೆ ಕೇಳಿದಳು:

“ಕೆಂಪರಾಜಣ್ಣ ಅವತ್ತು ಅಲ್ಲಿ ಉಂಡ್ರಾ?”

“ಅದಕ್ಕೂ ಇದಕ್ಕೂ ಏನೇ ಸಂಬಂಧ?”

“ನಮ್ ಕಡೆ ಹೆಣ್ಣು ಕೇಳಕ್ಕೆ ಬಂದೋರು ಒಪ್ಪಿಗೆ ಆಗೋಗಂಟ ಆ ಮನೇಲಿ ಉಣ್ಣಲ್ಲ ಕಣ್ರೀ. ಕಾಫಿ, ನೀರು, ಅಷ್ಟೇಯ. ಊಟಕ್ಕೆ ಎದ್ರೆ ಅವ್ರು ಬೇರೆ ಕೆಲಸಕ್ಕೆ ಬಂದವ್ರೆ ಅಂತ. ಬಾಯಿಬಿಟ್ಟು ಕೇಳಿದ್ರೂ ಕೇಳಿದ ಹಂಗಲ್ಲ, ಅದು ಬರೀ ಮಾತುಕತೆ.”

ಮಾರನೆಯ ದಿನವೇ ಕೆಂಪರಾಜುವಿಗೆ ಫೋನು ಮಾಡಿದೆ. “ಉಂಡ್ನೋ ಇಲ್ವೋ ಯಾವನಿಗ್ಲಾ ಗ್ಯಾಪಕ?” ಎಂದ. ವಿಷಯ ಹೇಳಿದೆ. ಅವನು ಜೋರಾಗಿ, “ಅದ್ಯಾವ ಊರ್ ನ್ಯಾಯ್ವೋ? ನಮ್ ಪಿರಿಯಾಪಟ್ಣದ ಕಡೆ ಉಣ್ಣದೆ ಎದ್ರೆ ನಿಮ್ ಸಂಬಂಧ ನಮಗ್ ಬ್ಯಾಡ ಅಂತ! ತಟ್ಟೆ ಮುಂದೆ ಕೂತ್ರೇನೇ ಮಾತಿಗೆ ತೂಕ” ಎಂದ. ಎರಡು ಕಂಪನಿಯ ಪೆಟ್ಟಿಗೆಗಳು ಒಂದೇ ಪುಸ್ತಕ ಓದಿ ಎರಡು ಅರ್ಥ ಮಾಡಿಕೊಂಡು, ಒಂದರ ಮಾತು ಇನ್ನೊಂದಕ್ಕೆ ತಲುಪದೆ ದಿನಗಟ್ಟಲೆ ಕೂರುವುದನ್ನು ನಾನು ಕೆಲಸದಲ್ಲಿ ಬೇಕಾದಷ್ಟು ನೋಡಿದ್ದೆ. ತಾಲ್ಲೂಕುಗಳೂ ಹಾಗೆ ಕೂರುತ್ತವೆ ಎಂದು ಗೊತ್ತಿರಲಿಲ್ಲ. ನನ್ನ ಹೆಂಡತಿ ಒಳಗಿನಿಂದಲೇ, “ಕೆಂಪರಾಜಣ್ಣನ್ನ ಒಂದಿನ ಊಟಕ್ಕೆ ಕರೀರಿ, ಅವರ ಋಣ ನನ್ಮೇಲೈತೆ” ಎಂದಳು.

ಇಲ್ಲಿಗೆ ಬಿಡಬಹುದಿತ್ತು. ಬಿಡಲಾಗಲಿಲ್ಲ. ಕಳೆದ ವರ್ಷ ಪರೀಕ್ಷೆಯ ಕೆಲಸದ ಮೇಲೆ ಕೆ.ಆರ್. ನಗರಕ್ಕೆ ಹೋದಾಗ ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ನಾಗಣ್ಣ ಕಂಡರು. ಕೂದಲು ಬೆಳ್ಳಗಾಗಿತ್ತು, ಟವೆಲು ಹಾಗೇ ಇತ್ತು. ಟ್ರಂಕು ಹಿಡಿದ ಮೇಷ್ಟರು ಎಂದು ನನ್ನ ಗುರುತನ್ನೂ ಹಿಡಿದರು. ತಂಗಿ ಚೆನ್ನಾಗಿದ್ದಾಳೆ, ಇಬ್ಬರು ಮಕ್ಕಳು ಎಂದರು. ಟೀ ಬಂತು. ನಾನು ಗ್ಲಾಸನ್ನು ತಿರುಗಿಸುತ್ತ, ಏನೋ ನೆನಪಾದವನ ಹಾಗೆ, ನಮ್ಮ ಕೆಂಪರಾಜು ಒಮ್ಮೆ ನಿಮ್ಮ ಮನೆಗೆ ಬಂದಿದ್ದನಂತಲ್ಲ, ಊಟ ಮಾಡಿಕೊಂಡು ಬಂದನಾ, ಎಂದು ಕೇಳಿದೆ. ಎಂಥ ಪ್ರಶ್ನೆ! ಅವರಿಗೆ ವಿಚಿತ್ರ ಅನ್ನಿಸಲಿಲ್ಲ.

“ಉಣ್ಣಿಸ್ದೆ ಕಳುಸ್ತೀವಾ ಸಾ? ಅವತ್ತಿಂದು ನಂಗೆ ಚೆನ್ನಾಗ್ ಗ್ಯಾಪಕೈತೆ. ಅವ್ರು ಮಾತಾಡೋ ವರಸೆ ನೋಡಿ, ಎಲ್ಲಿಂದ್ಲೋ ಹೆಣ್ಣು ಕೇಳಕ್ಕೇ ಬಂದವ್ರೆ ಅನ್ಕಂಡೋ ಸಾ. ನಮ್ಮವ್ವ ಎಲೆ ಅಡ್ಕೆ ತಟ್ಟೆ ಸರಿ ಮಾಡ್ಕಂಡು ಕೂತ್ಲು. ತಂಗೀನೂ ಸೀರೆ ಬದಲಾಯಿಸ್ಕಂಡು ಒಳ್ಗಡೆ ನಿಂತಿತ್ತು. ಊಟಕ್ಕೆ ಕರ್ದು ನೋಡ್ಲಾ, ಬ್ಯಾಡ ಅಂದ್ರೆ ಅದೇ ವಿಷ್ಯ ಅಂತ ಅವ್ವ ಅಂದ್ಲು. ಕರ್ದೆ. ಕರೀತಿದ್ದಂಗೇ ಎದ್ದು ಕೈ ತೊಳ್ಕಂಡ್ರು.” ನಾಗಣ್ಣ ನಕ್ಕರು. “ಅವ್ವ ಎಲೆ ಅಡ್ಕೆ ತಟ್ಟೆ ಒಳಕ್ಕೆತ್ತಿಟ್ಲು.”

ಬಸ್ಸು ಬಂತು, ಅವರು ಹೋದರು. ಅವರು ಹೇಳಿದ್ದರಲ್ಲಿ ಎಷ್ಟು ಸರಿ, ಎಷ್ಟು ವರ್ಷಗಳು ಸೇರಿಸಿದ್ದು, ಸೀರೆ ನಿಜವಾಗಿ ಬದಲಾಗಿತ್ತೋ ಇಲ್ಲವೋ, ನಾನು ಹೇಳಲಾರೆ. ಒಂದನ್ನು ಮಾತ್ರ ಆ ವಾರವೇ ಕೆಂಪರಾಜುವಿನ ಹೆಂಡತಿಯ ಬಳಿಯೂ ಕೇಳಿ ಖಚಿತ ಮಾಡಿಕೊಂಡೆ. ಆ ಭಾನುವಾರ ಮನೆಗೆ ಬಂದವನು ಅವಳ ಅಡುಗೆ ಮುಟ್ಟದೆ, ಅಲ್ಲಿ ಉಂಡದ್ದನ್ನೇ ಬಣ್ಣಿಸಿದ್ದನಂತೆ. ಅವನು ಹೊಸ ಅಗ್ರಹಾರದಲ್ಲಿ ಊಟ ಮಾಡಿದ್ದ. ಹಿತಕಿದವರೆ ಸಾರು, ಮುದ್ದೆ. ಸಾರನ್ನು ಎರಡನೆಯ ಸಲವೂ ಹಾಕಿಸಿಕೊಂಡಿದ್ದ.